ದಾರ ಎಳೆದ ಕೈ

ದೊರೆ ಬಾವಿಗೆ ಹಾರಿದ. ಅದು ನಾಟಕದಲ್ಲಿ ಇದ್ದದ್ದೇ. ಆಮೇಲೆ ಬಾವಿಯೊಳಗಿಂದ ಬಂದ ಕೂಗು ಮಾತ್ರ ನಾಟಕದಲ್ಲಿ ಇರಲಿಲ್ಲ.

ನಡೆಯುತ್ತಿದ್ದದ್ದು ತಾಲೀಮು. ಮೊದಲು ಯಾರಿಗೂ ತಿಳಿಯಲಿಲ್ಲವಂತೆ. ಪಿಟೀಲಿನವನು ನುಡಿಸುತ್ತಲೇ ಇದ್ದ. ರಾಣಿಯ ಪಾತ್ರದ ಹುಡುಗಿ ಬಾವಿಕಟ್ಟೆ ಹಿಡಿದು ನಿಂತೇ ಇದ್ದಳು. ಅಂತೂ ಇವನಿಗೂ ನಟನೆ ಬಂತಲ್ಲ ಎಂದು ಒಬ್ಬಿಬ್ಬರು ಮೆಚ್ಚಿಕೊಂಡರಂತೆ. ಎರಡನೆಯ ಕೂಗಿಗೆ ಎಲ್ಲರೂ ಎದ್ದುಬಿದ್ದು ಓಡಿದರು.

ನಾವು ನಾಟಕಮಂದಿರ ಮುಟ್ಟುವ ಹೊತ್ತಿಗೆ ದೊರೆಯನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಮುಖಕ್ಕೆ ಬಣ್ಣ, ಮೈಮೇಲೆ ಜರಿಯ ನಿಲುವಂಗಿ. ಬಲಗಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಟೀವಿ ಧಾರಾವಾಹಿಯ ಹೀರೋ ಅವನು. ಬೀದಿಯಲ್ಲಿ ಹೋಗುವವರೆಲ್ಲ ಗುರುತು ಹಿಡಿಯುವ ಮುಖ. ಈಗಿನ ಕಾಲದ ಜನ ಹಳೆಯ ನಾಟಕಕ್ಕೆ ಬರಲಿ ಎಂದೇ ಅವನನ್ನು ಹಾಕಿಕೊಂಡಿದ್ದರು. ಜನ ಬಂದೇ ಬಂದರು. ಆಂಬುಲೆನ್ಸಿನ ಸುತ್ತ, ಫೋನು ಎತ್ತಿಕೊಂಡು.

ನನ್ನ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ನಾನು ಠಾಣೆಯ ರೈಟರ್. ಜನ ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕಿಸುವುದು ನನ್ನ ಕೆಲಸ. ನಮ್ಮ ಇನ್ಸ್‌ಪೆಕ್ಟರ್ ಮೇಡಂ ಹುಟ್ಟಿದಾಗಿನಿಂದ ಒಂದೂ ನಾಟಕ ನೋಡಿದವರಲ್ಲ. "ಠಾಣೆಗೆ ಬರೋರು ಆಡೋದು ಸಾಲದಾ?" ಎನ್ನುತ್ತಾರೆ. ನಾನು ಹಾಗಲ್ಲ. ಈ 'ಬಾವಿಗಿಳಿದ ದೊರೆ'ಯನ್ನು ಚಿಕ್ಕವನಿದ್ದಾಗ ನಮ್ಮಕ್ಕನ ಪಕ್ಕ ಕೂತು ನೋಡಿದ್ದೇನೆ. ಕೊನೆಯ ಅಂಕದಲ್ಲಿ ರಾಣಿ ಗೋಳಾಡಿದರೆ ಮೀಸೆ ಹೊತ್ತ ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆ ರಾಣಿಯನ್ನು ಮುಂದೊಂದು ದಿನ ಇಷ್ಟು ಹತ್ತಿರದಿಂದ, ಅದೂ ಖಾಕಿ ಹಾಕಿಕೊಂಡು ನೋಡಬೇಕಾಗುತ್ತದೆ ಎಂದು ಕನಸಲ್ಲೂ ಎಣಿಸಿರಲಿಲ್ಲ.

ಅವರು ರಂಗದ ಪಕ್ಕದ ಮರೆಯಲ್ಲಿ, ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೂರುವ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಎಲ್ಲರ ಬಾಯಲ್ಲೂ ರಾಣಿಯಮ್ಮ. ನಾಟಕವನ್ನು ಹೊಸದಾಗಿ ಕಟ್ಟುತ್ತಿದ್ದ ನಿರ್ದೇಶಕಿ ಅವರ ಮಗಳು.

"ನನಗೆ ನಾಟಕ ಗೀಟಕ ಗೊತ್ತಿಲ್ಲ. ಬಿಡಿಸಿ ಹೇಳಿ," ಎಂದರು ಮೇಡಂ.

ಮಗಳು ಹೇಳಿದಳು. ರಾಜ್ಯದ ಆಸೆಗೆ ದೊರೆ ಒಡಹುಟ್ಟಿದ ತಮ್ಮನನ್ನೇ ಬಾವಿಗೆ ತಳ್ಳಿದ್ದಾನೆ. ಕೊನೆಯ ಅಂಕದಲ್ಲಿ ಸತ್ತ ತಮ್ಮ ಬಾವಿಯಿಂದ ಎದ್ದು ಬರುತ್ತಾನೆ. ಅಣ್ಣನನ್ನು ಒಮ್ಮೆ ನೋಡಿ, ಮಾತಾಡದೆ ಹೊರಟುಹೋಗುತ್ತಾನೆ. ದೊರೆ ಅದೇ ಬಾವಿಗೆ ಹಾರುತ್ತಾನೆ.

"ಬಾವಿ ಒಂದೇ ಮೇಡಂ. ತಮ್ಮ ಹತ್ತಿ ಬರೋಕೆ ಕೆಳಗೆ ಮೆಟ್ಟಿಲು ಬೇಕು. ದೊರೆ ಹಾರೋಕೆ ಹಾಸಿಗೆ ಬೇಕು. ತಮ್ಮ ಮೇಲೆ ಬಂದ ಕೂಡಲೇ ಕೆಳಗಿರೋರು ಮೆಟ್ಟಿಲನ್ನ ಆಚೆ ತಳ್ಳಿ, ಹಾಸಿಗೇನ ಬಾವಿ ಕೆಳಗೆ ಎಳ್ಕೊಂಡು ಬರ್ಬೇಕು."

"ಕೆಳಗಿರೋರು ಎಷ್ಟು ಜನ?"

"ಒಬ್ರೇ. ಪಾತಾಳಣ್ಣ. ಅಮ್ಮ ರಾಣಿಯಾಗಿದ್ದ ಕಾಲದಿಂದಲೂ ಅವರೇ."

"ಹಾಸಿಗೆ ಬಂತು ಅಂತ ಮೇಲೆ ಹೇಗೆ ಗೊತ್ತಾಗುತ್ತೆ?"

ಮಗಳು ತಾಯಿಯ ಕುರ್ಚಿಯ ಬುಡ ತೋರಿಸಿದಳು. ಹಲಗೆಯಲ್ಲಿ ಒಂದು ತೂತು. ಅದರಿಂದ ಬಿಳಿಯ ನೈಲಾನ್ ದಾರವೊಂದು ಮೇಲೆ ಬಂದಿತ್ತು. ತುದಿಯಲ್ಲಿ ಕುಣಿಕೆ. ಕುರ್ಚಿಯಲ್ಲಿ ಕೂತವರು ಕುಣಿಕೆಯನ್ನು ಎಡಗೈ ಬೆರಳಿಗೆ ಹಾಕಿಕೊಳ್ಳಬೇಕು. ಹಾಸಿಗೆ ಸರಿಯಾಗಿ ಕೂತ ಮೇಲೆ ಕೆಳಗಿನವರು ಎರಡು ಸಲ ಎಳೆಯುತ್ತಾರೆ. ಆಗ ಕುರ್ಚಿಯವರು ಬಲಗೈ ಎತ್ತಬೇಕು. ಕೈ ಕಂಡರೆ ದೊರೆ ಹಾರಬೇಕು. ಸದ್ದಿಲ್ಲ, ಗದ್ದಲವಿಲ್ಲ. ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಮೇಡಂ ರಾಣಿಯಮ್ಮನ ಮುಂದೆ ಮಂಡಿಯೂರಿ ಕೂತರು.

"ಅಮ್ಮ, ಅವರು ದಾರ ಎಳೆದ್ರಾ?"

"ಹ್ಞೂ."

"ಎಷ್ಟು ಸಲ?"

"ಎರಡು. ಯಾವಾಗ್ಲೂ ಎರಡೇ."

"ಆಮೇಲೆ?"

"ಕೈ ಎತ್ತಿದೆ. ಹುಡುಗ ಹಾರಿದ."

ಅಷ್ಟೇ ಹೇಳಿದರು. ಮೈಕಿಲ್ಲದೆ ಕಟ್ಟಕಡೆಯ ಸಾಲಿಗೂ ಕೇಳುತ್ತಿದ್ದ ಕಂಠ ಅದು. ಈಗ ನಾನು ಬಗ್ಗಿ ಕಿವಿ ಕೊಡಬೇಕಾಯಿತು.

ಪಾತಾಳಣ್ಣ ರಂಗದ ಕೆಳಗೆ ಇಳಿಯುವ ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದ. ಗಟ್ಟಿಮುಟ್ಟಾದ ಮುದುಕ. ಅರ್ಧ ಆಯಸ್ಸು ತಗ್ಗಿದ ಸೂರಿನ ಕೆಳಗೆ ಓಡಾಡಿದ್ದಕ್ಕೆ ಬೆನ್ನು ಮಾತ್ರ ಬಾಗಿತ್ತು.

"ನಾನು ಎಳೀಲಿಲ್ಲ ಮೇಡಂ," ಎಂದ. "ಮೆಟ್ಟಿಲು ಇನ್ನೂ ಅರ್ಧ ಬಾವಿ ಕೆಳಗೇ ಇತ್ತು. ತಳ್ತಾ ಇದ್ದೆ. ಮೇಲಿಂದ ಬಂದು ಮೆಟ್ಟಿಲ ಮೇಲೇ ಬಿದ್ದುಬಿಡ್ತು ಮಗು."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ.

*

ಹೀರೋನ ಅಣ್ಣ ಠಾಣೆಗೆ ಬಂದು ಮೇಜು ಗುದ್ದಿದ. ಜೊತೆಗೆ ಪತ್ರಿಕೆಯವರನ್ನೂ ಕರೆತಂದಿದ್ದ.

"ಮುದುಕರನ್ನ ಕಟ್ಕೊಂಡು ನಾಟಕ ಆಡಿದ್ರೆ ಇನ್ನೇನಾಗುತ್ತೆ? ಕುಡಿದಿದ್ದ ಅವನು! ನನ್ನ ತಮ್ಮನ ಕಾಲು ಮುರಿದೋನು ಅವನೇ!"

ಪಾತಾಳಣ್ಣನ ಬಾಯಲ್ಲಿ ಕಾಫಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ದೂರು ದೂರೇ. ಅವನನ್ನು ಠಾಣೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆವು. ನಾನು ಕಾಗದ ತೆಗೆದೆ.

"ನೋಡಣ್ಣ," ಎಂದೆ. "ನೀನು ಎಳೀಲಿಲ್ಲ ಅಂತೀಯ. ರಾಣಿಯಮ್ಮ ಎರಡು ಸಲ ಎಳೆದ ಅಂತಾರೆ. ಯಾರದ್ದನ್ನ ಬರೀಲಿ?"

ಅವನು ತಲೆ ಎತ್ತಿದ.

"ಅಕ್ಕ ಹಾಗಂದ್ರಾ?"

"ಅಂದ್ರು. ಸಹಿಯೂ ಹಾಕಿದ್ರು."

ಅಂಗೈ ಮೇಲೆ ಮಾಡಿ ನೋಡಿಕೊಂಡ.

"ಹಾಗಾದ್ರೆ ಎಳೆದಿರ್ತೀನಿ. ಬರ್ಕೊಳ್ಳಿ ಸಾರ್."

"ಈಗ ತಾನೇ ಎಳೀಲಿಲ್ಲ ಅಂದೆ?"

"ವಯಸ್ಸಾಯ್ತು. ಮರೆವು ಬಂದಿರ್ಬೇಕು. ಅಕ್ಕ ಸುಳ್ಳು ಹೇಳಲ್ಲ."

ನನಗೆ ಸಮಾಧಾನವೇ ಆಯಿತೆನ್ನಬೇಕು. ತಪ್ಪು ಒಪ್ಪಿಕೊಂಡವನಿಂದ ಕೆಲಸ ಹಗುರ. ಬರೆಯಲು ಪೆನ್ನು ಊರಿದ್ದೆ, ಮೇಡಂ ತಡೆದರು.

"ಕೈ ತೋರಿಸಿ."

ತೋರಿಸಿದ. ಎರಡೂ ಅಂಗೈ ತುಂಬ ಕೆಂಪು. ನಾನು ರಕ್ತವೆಂದು ಬೆಚ್ಚಿದೆ.

"ಮೆಟ್ಟಿಲಿನ ಬಣ್ಣ ಮೇಡಂ. ಹೊಸ ನಾಟಕಕ್ಕೆ ಅಂತ ಕೆಂಪು ಬಳಿದ್ರು. ಇನ್ನೂ ಒಣಗಿಲ್ಲ ಅಂದೆ. ಪರವಾಗಿಲ್ಲ ಅಂದ್ರು."

ಮೇಡಂ ಆ ಕೈಗಳನ್ನು ನೋಡುತ್ತಾ ನಿಂತರು.

"ರೈಟರ್, ಸಹಿ ಬೇಡ. ಜೀಪು ತೆಗೆಸಿ."

*

ರಂಗದ ಕೆಳಗೆ ನೆಟ್ಟಗೆ ನಿಲ್ಲಲಾಗದು. ಮೇಡಂ ತಗ್ಗಿಕೊಂಡು ಸಲೀಸಾಗಿ ಹೋದರು. ನಾನು ಎರಡು ಸಲ ತೊಲೆಗೆ ತಲೆ ಹೊಡೆಸಿಕೊಂಡೆ. ಬಾವಿಯ ಕೆಳಗೆ ಆ ಕೆಂಪು ಮೆಟ್ಟಿಲು ಓರೆಯಾಗಿ ನಿಂತಿತ್ತು. ಚಕ್ರಗಳಿದ್ದರೂ ಆನೆಭಾರ. ಹಾಸಿಗೆಗಳು ಗೋಡೆಯ ಬದಿಗೆ ಇದ್ದಲ್ಲೇ ಇದ್ದವು. ದಾರದ ಕೆಳತುದಿ ಅವುಗಳ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

ಮೇಡಂ ಟಾರ್ಚು ಬಿಟ್ಟು ದಾರವನ್ನು ಉದ್ದಕ್ಕೂ ನೋಡಿದರು. ಹಾಲಿನಷ್ಟು ಬಿಳಿ.

"ಮೆಟ್ಟಿಲು ಮುಟ್ಟಿ," ಎಂದರು. ಮುಟ್ಟಿದೆ. "ಈಗ ದಾರ ಹಿಡೀರಿ."

ಹಿಡಿದೆ. ಬಿಟ್ಟಾಗ ದಾರದ ಮೇಲೆ ನನ್ನ ಬೆರಳಿನ ಕೆಂಪು ಗುರುತು ಮೂಡಿತ್ತು.

"ಮೊದಲು ಮೆಟ್ಟಿಲು, ಆಮೇಲೆ ಹಾಸಿಗೆ, ಕೊನೇಲಿ ದಾರ. ಅವರು ಎಳೆದಿದ್ರೆ ದಾರ ಕೆಂಪಾಗ್ಬೇಕಿತ್ತು."

"ಹಾಗಾದ್ರೆ ಬೇರೆ ಯಾರೋ ಎಳೆದಿದ್ದಾರೆ!"

ಮೇಡಂ ಬಗ್ಗಿ ಹಾಸಿಗೆಯ ಸಂದಿಯಿಂದ ಏನನ್ನೋ ಎತ್ತಿದರು. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನು. ಪಾತಾಳಣ್ಣನ ಕಾಲದ್ದಂತೂ ಅಲ್ಲ.

ಅದು ಸ್ಟೆಪ್ನಿಯದು. ಹೀರೋಗೆ ಜ್ವರ ಗಿರ ಬಂದರೆ ದೊರೆಯ ಪಾತ್ರ ಮಾಡಲೆಂದು ಇಟ್ಟುಕೊಂಡಿದ್ದ ಬದಲಿ ನಟ ಅವನು. ತಂಡದವರು ಇಟ್ಟ ಹೆಸರು ಸ್ಟೆಪ್ನಿ. ಇಡೀ ನಾಟಕ ಬಾಯಿಪಾಠ. ಆದರೆ ಪೋಸ್ಟರಿನಲ್ಲಿ ಅವನ ಹೆಸರಿರಲಿ, ಮೂಗಿನ ತುದಿಯೂ ಇರಲಿಲ್ಲ. ಹೀರೋ ಬಿದ್ದರೆ ಲಾಭ ಯಾರಿಗೆ ಎಂದು ಕೇಳಿದರೆ ಮಗುವೂ ಇವನತ್ತ ಬೆರಳು ತೋರಿಸುತ್ತಿತ್ತು. ನಾನಂತೂ ಮನಸ್ಸಿನಲ್ಲೇ ಕೋಳ ತೊಡಿಸಿಯಾಗಿತ್ತು.

"ಬೆಳಿಗ್ಗೆ ಅಲ್ಲಿ ಕೂತು ಮಾತು ಉರು ಹೊಡೀತಿದ್ದೆ ಮೇಡಂ," ಎಂದ, ಬೆವರು ಒರೆಸುತ್ತಾ. "ತಣ್ಣಗಿರುತ್ತೆ. ಯಾರೂ ಹಾಸ್ಯ ಮಾಡಲ್ಲ."

"ಅವನು ಹಾರಿದಾಗ ಎಲ್ಲಿದ್ರಿ?"

"ಮುಂದಿನ ಸಾಲಲ್ಲಿ."

"ಯಾರು ನೋಡಿದ್ರು?"

ಸ್ಟೆಪ್ನಿ ನಾಚಿಕೊಂಡು ಫೋನು ಕೊಟ್ಟ. ಕದ್ದು ವಿಡಿಯೋ ಮಾಡಿದ್ದ. ಹೀರೋನನ್ನು ಆಡಿಕೊಳ್ಳುವ ಅವನದೇ ದನಿ ಅದರಲ್ಲಿತ್ತು. "ನೋಡ್ರಪ್ಪಾ, ದೊರೆ ನಿಂತಿರೋ ಗತ್ತು! ಬಸ್ಸಿಗೆ ಕಾಯ್ತಿರೋ ಹಾಗೆ." ತಮ್ಮನ ಪಾತ್ರದವನು ಬಾವಿಯಿಂದ ಹತ್ತಿ ಬಂದು ಹೊರಟುಹೋದ. ರಾಣಿ ಸುಮ್ಮನೆ ನಿಂತಳು. ಪಿಟೀಲು ಆಗಷ್ಟೇ ಶುರುವಾಗಿತ್ತು. ದೊರೆ ಪಕ್ಕದ ಮರೆಯತ್ತ ಕಣ್ಣು ಹಾಯಿಸಿದ. ಹಾರಿದ. ಆಮೇಲೆ ಸ್ಟೆಪ್ನಿಯ ದನಿಯೇ ಮೊದಲು ಕಿರುಚಿತ್ತು.

ಹಾಗೆ ಕಿರುಚಿದವನು ಕೆಳಗೆ ದಾರ ಎಳೆಯುತ್ತಿರಲು ಸಾಧ್ಯವಿಲ್ಲ. ನನ್ನ ಕೋಳ ನನ್ನಲ್ಲೇ ಉಳಿಯಿತು.

ಮೇಡಂ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋದರು.

"ವಿಡಿಯೋದಲ್ಲಿ ತಮ್ಮ ಮೇಲೆ ಬಂದ ತಕ್ಷಣ ಹೇಳ್ತೀನಿ. ಮೆಟ್ಟಿಲು ತಳ್ಳಿ."

ತಳ್ಳಿದೆ. ಸೊಂಟ ಹಿಡಿಯಿತು. ಮೆಟ್ಟಿಲು ಬಾವಿಯಿಂದ ಅರ್ಧ ಸರಿಯುವಷ್ಟರಲ್ಲಿ ಫೋನಿನಲ್ಲಿ ದೊರೆ ಬಿದ್ದು ಕೂಗಿಯಾಗಿತ್ತು. ಹಾಸಿಗೆಯ ಮಾತಂತೂ ದೂರವೇ ಉಳಿಯಿತು.

*

ಆಸ್ಪತ್ರೆಯಲ್ಲಿ ಹೀರೋನ ಕಾಲಿಗೆ ಕಬ್ಬಿಣದ ಸರಳು ಹಾಕಿದ್ದರು. ನಡೆಯುತ್ತಾನೆ, ಆದರೆ ಮೊದಲಿನ ಹಾಗೆ ಅಲ್ಲ ಎಂದು ಡಾಕ್ಟರು ಹೊರಗೆ ಹೇಳಿದ್ದರು. ಅವನಿಗೆ ಅದಿನ್ನೂ ಗೊತ್ತಿರಲಿಲ್ಲ. ಮುಖದ ಬಣ್ಣ ತೊಳೆದ ಮೇಲೆ ತೀರಾ ಎಳೆಯವನಾಗಿ ಕಂಡ.

"ರಾಣಿಯಮ್ಮ ಕೈ ಎತ್ತಿದ್ರು. ಹಾರಿದೆ," ಎಂದ.

"ಬೇಗ ಆಯ್ತು ಅನ್ನಿಸಲಿಲ್ವಾ?"

"ಅನ್ನಿಸ್ತು. ಆದ್ರೆ ಅವರು ಎತ್ತಿದ ಮೇಲೆ ಮುಗೀತಲ್ಲ ಮೇಡಂ. ಅವರಷ್ಟು ಗೊತ್ತಿರೋರು ಯಾರಿದ್ದಾರೆ? ಈ ಪಾರ್ಟು ಮಾಡಿದ್ರೆ ಜನ ನನ್ನನ್ನೂ ನಟ ಅಂತಾರೆ ಅಂತ ಬಂದೆ." ಆಮೇಲೆ ಕೇಳಿಕೊಂಡ. "ಪಾತಾಳಣ್ಣಂಗೆ ಏನೂ ಮಾಡ್ಬೇಡಿ. ನನ್ನನ್ನ ಎತ್ಕೊಂಡು ಮೇಲೆ ಬಂದವರು ಅವರೇ."

ದಾರಿಯಲ್ಲಿ ಮೇಡಂ ಜೀಪಿನ ಕಿಟಕಿಯಾಚೆ ನೋಡುತ್ತಿದ್ದರು.

"ರೈಟರ್, ನೀವು ಹಳೇ ನಾಟಕ ನೋಡಿದ್ದೀರಲ್ಲ. ತಮ್ಮ ಹೋದಮೇಲೆ ದೊರೆ ಹೀಗೇ ತಟ್ಟಂತ ಹಾರ್ತಿದ್ನಾ?"

"ಎಲ್ಲಿಯ ಮಾತು ಮೇಡಂ! ನಡುವೆ ರಾಣಿಯ ಗೋಳಾಟ ಇತ್ತಲ್ಲ. 'ನಿಲ್ಲು ದೊರೆಯೇ' ಅಂತ ಶುರುವಾದ್ರೆ ಮುಗಿಯೋದೇ ಇಲ್ಲ. ಆ ಮಾತಿಗೋಸ್ಕರ ಜನ ಬರ್ತಿದ್ರು."

"ಈಗ ಅದು ಎಲ್ಲಿ ಹೋಯ್ತು?"

ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. ಹೊಳೆಯದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

*

"ನಾನೇ ಕತ್ತರಿಸಿದೆ," ಎಂದಳು ನಿರ್ದೇಶಕಿ. "ಈಗಿನ ಹುಡುಗರಿಗೆ ಅಷ್ಟುದ್ದ ಅಳು ಯಾರು ಕೇಳಿಸೋದು? ಅರ್ಧಕ್ಕೇ ಫೋನು ತೆಗೀತಾರೆ. ಅದರ ಬದಲು ರಾಣಿ ಸುಮ್ಮನೆ ನಿಲ್ತಾಳೆ, ಪಿಟೀಲು ಇರುತ್ತೆ. ಹಾಸಿಗೆ ಬರೋವರೆಗೂ ನುಡಿಸ್ತಾ ಇರಿ ಅಂದಿದ್ದೆ."

"ಅಮ್ಮ ಏನಂದ್ರು?"

"ನಿನ್ನಿಷ್ಟ ಅಂದ್ರು." ಅವಳು ಮುಖ ಆಚೆ ತಿರುಗಿಸಿದಳು. "ಬೇಜಾರು ಮಾಡ್ಕೋಬಾರ್ದು ಅಂತಲೇ ಆ ಕುರ್ಚಿಯ ಕೆಲಸ ಕೊಟ್ಟೆ. ಮೊದಲೆಲ್ಲ ಅದಕ್ಕೆ ಬೇರೆ ಪ್ರಾಂಪ್ಟರ್ ಇದ್ರು. ಅಮ್ಮ ರಂಗದ ಮೇಲೆ ಇರ್ತಿದ್ರಲ್ಲ."

"ಬಾವಿ ಇಟ್ಟು ತಾಲೀಮು ನಡೆಸಿದ್ದು ಎಷ್ಟು ಸಲ?"

"ಅದೇ ಮೊದಲು. ಅಲ್ಲಿವರೆಗೆ ಬರೀ ಕೋಣೇಲಿ ಮಾಡ್ತಿದ್ವಿ."

ಮೇಡಂ ಎದ್ದು ನಿಂತರು.

"ನಾಳೆ ಬೆಳಿಗ್ಗೆ ಆ ದೃಶ್ಯ ಇನ್ನೊಂದ್ಸಲ ಆಗ್ಬೇಕು. ಎಲ್ಲಾ ಹಾಗೇ. ದೊರೆ ಜಾಗದಲ್ಲಿ ಸ್ಟೆಪ್ನಿ ನಿಲ್ಲಲಿ. ತಮ್ಮ ಬಂದಮೇಲೆ ಬಾವಿ ಮೇಲೆ ಹಲಗೆ ಮುಚ್ಚಿ, ಯಾರೂ ಹಾರೋದು ಬೇಡ. ಪಾತಾಳಣ್ಣನ್ನ ಕೆಳಗೆ ಕಳಿಸ್ತೀನಿ."

*

ಬೆಳಿಗ್ಗೆ ಎಲ್ಲರೂ ಬಂದರು. ನೋಡುವವರ ಕುರ್ಚಿಗಳೆಲ್ಲ ಖಾಲಿ. ಪಾತಾಳಣ್ಣ ನಮ್ಮ ಜೀಪಿನಿಂದಿಳಿದು, ಯಾರ ಮುಖವನ್ನೂ ನೋಡದೆ ಕೆಳಗಿಳಿದ. ರಾಣಿಯಮ್ಮ ಕುರ್ಚಿಯಲ್ಲಿ ಕೂತು ಕುಣಿಕೆಯನ್ನು ಬೆರಳಿಗೆ ಹಾಕಿಕೊಂಡರು. ಶಾಲು ಎಳೆದುಕೊಂಡರು. ಮೇಡಂ ಅವರ ಪಕ್ಕ, ನಾನು ಮೇಡಂ ಪಕ್ಕ.

ದೃಶ್ಯ ಶುರುವಾಯಿತು. ತಮ್ಮ ಬಾವಿಯಿಂದೆದ್ದು ಬಂದ, ನೋಡಿದ, ಹೋದ. ಹಲಗೆ ಮುಚ್ಚಿದರು. ಹೊಸ ರಾಣಿ ಸುಮ್ಮನೆ ನಿಂತಳು. ಪಿಟೀಲು ಶುರುವಾಯಿತು. ಕೆಳಗಿನಿಂದ ಮೆಟ್ಟಿಲಿನ ಚಕ್ರ ಉರುಳುವ ಸದ್ದು ಸಣ್ಣಗೆ ಬರುತ್ತಿತ್ತು.

ನಾವೆಲ್ಲ ರಂಗ ನೋಡುತ್ತಿದ್ದೆವು. ಮೇಡಂ ಮಾತ್ರ ರಾಣಿಯಮ್ಮನನ್ನು ನೋಡುತ್ತಿದ್ದರು. ನಾನೂ ತಿರುಗಿದೆ.

ರಾಣಿಯಮ್ಮನ ತುಟಿ ಅಲುಗುತ್ತಿತ್ತು. ದನಿಯಿಲ್ಲ. ಶಾಲಿನೊಳಗೆ ಏನೋ ಒದ್ದಾಡುತ್ತಿತ್ತು. ಮೇಡಂ ಮೆಲ್ಲಗೆ ಶಾಲಿನ ಅಂಚು ಸರಿಸಿದರು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ.

"ಅಮ್ಮ," ಎಂದರು ಮೇಡಂ. ಅಷ್ಟು ಮೃದುವಾಗಿ ಅವರು ಯಾರನ್ನೂ ವಿಚಾರಿಸಿದ್ದನ್ನು ನಾನು ಕಂಡಿಲ್ಲ. "ಕೈ ಯಾಕೆ ಹಿಡ್ಕೊಂಡಿದ್ದೀರ?"

ತುಟಿ ನಿಂತಿತು. ಪಿಟೀಲೂ ನಿಂತಿತು.

"ದಾರ ಎಳೆದ ಮೇಲೆ ತಾನೇ ಕೈ ಏಳೋದು? ಅದಕ್ಕೆ ಮುಂಚೆ ಹಿಡಿಯೋಕೆ ಏನಿದೆ ಅಲ್ಲಿ?"

ರಾಣಿಯಮ್ಮ ಶಾಲನ್ನು ಮತ್ತೆ ಕೈಮೇಲೆ ಎಳೆದುಕೊಂಡರು.

"ಮೆಟ್ಟಿಲನ್ನ ಇನ್ನೊಂದ್ಸಲ ಬಾವಿ ಕೆಳಗೆ ತನ್ನಿ ಪಾತಾಳಣ್ಣ," ಎಂದು ಮೇಡಂ ಕೂಗಿ ಹೇಳಿದರು. ಚಕ್ರ ಹಿಂದಕ್ಕೆ ಉರುಳಿತು. "ಹ್ಞಾ, ಈಗ ತಳ್ಳಿ. ಬಿಡಿ ಅಮ್ಮ. ಕೈ ಬಿಡಿ. ಮಾತು ಗಟ್ಟಿಯಾಗೇ ಹೇಳಿ."

ಅವರು ಮಗಳ ಕಡೆ ಒಮ್ಮೆ ನೋಡಿದರು. ಕೈ ಬಿಟ್ಟರು.

"ನಿಲ್ಲು ದೊರೆಯೇ," ಎಂದರು.

ಅದೇ ದನಿ. ಖಾಲಿ ಸಾಲುಗಳ ಕೊನೆಯವರೆಗೆ ಹೋಗಿ ಮುಟ್ಟಿತು.

"ನಿಲ್ಲು ದೊರೆಯೇ. ಈ ನೀರಿಗೆ ತಳವಿಲ್ಲ, ನಿನ್ನ ತಪ್ಪಿಗೆ ಇದೆ. ಕೆಳಗೆ ನೋಡಬೇಡ. ಮೇಲೆ ನೋಡು, ಇನ್ನೂ ಹಗಲಿದೆ..."

'ಮೇಲೆ ನೋಡು' ಎಂಬಲ್ಲಿ ಬಲಗೈ ತಾನಾಗಿ ಎದ್ದಿತು. ಭುಜ, ಮೊಣಕೈ, ಬೆರಳು, ಒಂದರ ಹಿಂದೆ ಒಂದು. ಸ್ಟೆಪ್ನಿ ಬಾವಿಯತ್ತ ಒಂದು ಹೆಜ್ಜೆ ಇಟ್ಟೇಬಿಟ್ಟ. ಕೆಳಗೆ ಚಕ್ರ ಇನ್ನೂ ಉರುಳುತ್ತಿತ್ತು. ದಾರ ಸಡಿಲವಾಗಿ ನೇತಾಡುತ್ತಿತ್ತು.

ಎತ್ತಿದ ಕೈಯನ್ನು ರಾಣಿಯಮ್ಮ ನೋಡಿದರು. ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಮುಂದುವರಿಸಿದರು. ತವರನ್ನು ನೆನೆದರು, ಮೈದುನನ ಬಾಲ್ಯ ನೆನೆದರು, ಗಂಡನನ್ನು ಬೈದರು, ಬೇಡಿಕೊಂಡರು. ನಿರ್ದೇಶಕಿ ಕೆಳಗೆ ಕುಸಿದು ಕೂತಳು. ಹೊಸ ರಾಣಿಯ ಹುಡುಗಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಅವಳ ಫೋನು ಅವಳ ಚೀಲದಲ್ಲೇ ಇತ್ತು.

"ಹೋಗುವುದಾದರೆ ಹೋಗು," ಎಂದು ರಾಣಿಯಮ್ಮ ಮಾತು ಮುಗಿಸಿದರು. ಬೆರಳಿನ ದಾರ ಜಗ್ಗಿತು. ಒಂದು. ಎರಡು.

*

"ಆ ಮಾತು ಯಾಕೆ ಅಷ್ಟು ಉದ್ದ ಅಂತ ದೊಡ್ಡ ದೊಡ್ಡೋರು ಪುಸ್ತಕ ಬರೆದಿದ್ದಾರೆ," ಎಂದರು ರಾಣಿಯಮ್ಮ. "ಹೆಣ್ಣಿನ ದುಃಖದ ಆಳ, ಅದು ಇದು ಅಂತ. ನಾಟಕ ಬರೆದೋರನ್ನ ನಾನೇ ಕೇಳಿದ್ದೆ. ಕೆಳಗೆ ಮೆಟ್ಟಿಲು ಸರಿಬೇಕಲ್ಲಮ್ಮ, ಅದಕ್ಕೆ ಅಂದ್ರು. ಅವನು ತಳ್ಳೋ ಹೊತ್ತಿಗೆ ಅಳತೆ ಮಾಡಿ ಬರೆದ ಮಾತು ಅದು. ಒಂದು ಸಾಲು ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಅಮ್ಮಾ, ನನಗೆ ಹೇಳಬಹುದಿತ್ತಲ್ಲ," ಎಂದಳು ಮಗಳು.

"ನೀನು ಕೇಳಬಹುದಿತ್ತು."

ಮೇಡಂ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, ಬಿಡಿಸಿ ಹೇಳಿದರು.

"ದಾರದ ಮೇಲೆ ಬಣ್ಣ ಇರಲಿಲ್ಲ. ಅಂದ್ರೆ ಪಾತಾಳಣ್ಣ ಎಳೆದಿಲ್ಲ. ಕೆಳಗೆ ಅವರನ್ನ ಬಿಟ್ಟು ಯಾರೂ ಇರಲಿಲ್ಲ. ಅಂದ್ರೆ ಯಾರೂ ಎಳೆದಿಲ್ಲ. ಎಳೀದೇ ಇರೋ ದಾರಕ್ಕೆ ಕೈ ಎದ್ದಿದೆ. ಮಾತು ಕತ್ತರಿಸಿದ ಸಿಟ್ಟಿಗೆ ಬೇಕಂತಲೇ ಎತ್ತಿದ್ರಾ, ಅದೊಂದು ಅನುಮಾನ ಇತ್ತು. ಇವತ್ತು ಕೈ ಹಿಡ್ಕೊಂಡಿದ್ದು ನೋಡಿದ ಮೇಲೆ ಹೋಯ್ತು. ಬೇಕಂತ ಎತ್ತಿದೋರು ಅದನ್ನ ಹಿಡ್ಕೊಂಡು ಕೂರಲ್ಲ. ತಾನಾಗಿ ಏಳುತ್ತೆ ಅಂತ ಗೊತ್ತಿರೋರು ಮಾತ್ರ ಹಿಡ್ಕೋತಾರೆ. ಅಂದ್ರೆ ಮೊನ್ನೆ ಹೇಗೆ ಎದ್ದಿತು ಅನ್ನೋದು ನಿಮಗೆ ಮೊದಲಿಂದಲೂ ಗೊತ್ತಿತ್ತು."

"ಗೊತ್ತಿತ್ತು," ಎಂದರು ರಾಣಿಯಮ್ಮ. "ಕಣ್ಮುಚ್ಚಿ ಮಾತು ಹೇಳ್ಕೋತಿದ್ದೆ, ಮನಸ್ಸಲ್ಲೇ. ರಂಗದ ಮೇಲಲ್ದೇ ಇದ್ರೂ ಒಂದು ಸಲ ಹೇಳ್ಕೊಳ್ಳೋಣ ಅಂತ. ಕಣ್ಬಿಟ್ರೆ ಕೈ ಮೇಲಿತ್ತು. ಹುಡುಗ ಇರಲಿಲ್ಲ."

"ಅದು ತಪ್ಪಲ್ಲ ಅಮ್ಮ. ಆಕಸ್ಮಿಕ."

"ಹೌದು. ಆಮೇಲೆ ಮಾಡಿದ್ದು ತಪ್ಪು." ಅವರು ಮಗಳತ್ತ ತಲೆಯಾಡಿಸಿದರು. "ಇವಳು ಓಡಿ ಬಂದು, ಅವನು ಎಳೆದ್ನಾ ಅಮ್ಮ, ಅಂತ ಕೇಳಿದ್ಲು. ಹ್ಞೂ ಅಂದೆ. ಭಯ ಆಯ್ತು. ವಯಸ್ಸಾದ ಅಮ್ಮನಿಗೆ ಕುರ್ಚಿಯ ಕೆಲಸಾನೂ ಬರಲ್ಲ ಅಂತ ಇವಳು ಅಂದ್ಕೊಂಡುಬಿಟ್ರೆ ಅಂತ. ಆಮೇಲೆ ನೀವು ಬಂದ್ರಿ. ಇವರು ಬರ್ಕೊಂಡ್ರು. ಹೇಳಿದ್ದನ್ನ ವಾಪಸ್ ತಗೊಳ್ಳೋಕೆ ಬಾಯೇ ಬರಲಿಲ್ಲ."

ಆ ಸಹಿ ಹಾಕಿಸಿಕೊಂಡವನು ನಾನು. ಪೊಲೀಸರ ಎದುರು ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಏನು ಮಾಡಬೇಕೋ ಅದನ್ನು ಮಾಡಲೇಬೇಕಿತ್ತು. ಹೊಸ ಕಾಗದ ತೆಗೆದೆ. ನನ್ನ ಕೈಬರಹ ಅಷ್ಟು ಕೆಟ್ಟದಾಗಿ ಎಂದೂ ಬಂದಿರಲಿಲ್ಲ.

ಪಾತಾಳಣ್ಣ ಮೇಲೆ ಬಂದಿದ್ದ. ಯಾವಾಗ ಬಂದನೋ, ಮಾತೆಲ್ಲ ಕೇಳಿಸಿಕೊಂಡಿದ್ದ. ರಾಣಿಯಮ್ಮ ಎದ್ದು ಅವನ ಮುಂದೆ ಹೋಗಿ ನಿಂತರು.

"ತಮ್ಮಾ, ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಏನಿಲ್ಲ," ಎಂದ ಅವನು. "ನಾನೇ ಎಳೆದೆ ಅಂತ ನೀವು ಅಂದಿರೋದು ಗೊತ್ತಾದಾಗಿಂದ ನನ್ನ ಕೈನೇ ನೋಡ್ಕೊಂಡು ಕೂತಿದ್ದೆ. ಎಳೆದಿದ್ದು ನೆನಪಾಗಲಿಲ್ಲ. ಆದ್ರೂ ಎಳೆದಿದ್ದೀನಿ ಅಂತಲೇ ನಂಬಿದೆ. ಆ ಮಗುವಿನ ಕಾಲು ಮುರಿದೋನು ನಾನೇ ಅಂತ ನಂಬಿಬಿಟ್ಟೆ."

ನಿರ್ದೇಶಕಿ ಮುಂದೆ ಬಂದಳು.

"ಪಾತಾಳಣ್ಣ, ನಾಟಕ ನಿಲ್ಲಿಸಲ್ಲ. ಆ ಮಾತನ್ನ ಇಡಿಯಾಗಿ ಹಾಕ್ತೀನಿ. ಹುಡುಗರು ಕೇಳ್ತಾರೆ. ನೀವು ಕೆಳಗೆ ಇರ್ಬೇಕು."

"ಒಂದು ಬಲ್ಬು ಹಾಕಿಸು ಪುಟ್ಟಿ. ಕೆಳಗೊಂದು ಸ್ವಿಚ್ಚು ಇದ್ರೆ ಸಾಕು. ಯಾರನ್ನಿಟ್ರೂ ನಡೆಯುತ್ತೆ."

ಅವನು ಗೋಡೆಯ ಕೊಕ್ಕೆಯಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡ. ಗುಂಡಿಗಳನ್ನು ನಿಧಾನವಾಗಿ ಸಿಕ್ಕಿಸಿದ. ನಮಗೆಲ್ಲ ಒಂದು ನಮಸ್ಕಾರ ಹಾಕಿದ. ರಾಣಿಯಮ್ಮನ ಮುಂದೆ ಮಾತ್ರ ಸ್ವಲ್ಪ ಹೆಚ್ಚೇ ಬಗ್ಗಿದ.

"ಬರ್ತೀನಿ ಅಮ್ಮಾವ್ರೇ," ಎಂದ.

ಅವನು ಹೊರಗೆ ಹೋದ ಮೇಲೂ ಅವರು ಬಾಗಿಲನ್ನೇ ನೋಡುತ್ತಿದ್ದರು. ನಾನು ಕಾಗದ ಮುಂದಿಟ್ಟೆ, ಪೆನ್ನು ಕೊಟ್ಟೆ. ಸಹಿ ಹಾಕಿದರು.

"ಅಕ್ಕ ಅನ್ನಲಿಲ್ಲ ಅವನು," ಎಂದರು.

ಮೇಡಂ ಅವರ ತೋಳು ಹಿಡಿದು ಜೀಪಿನತ್ತ ನಡೆಸಿಕೊಂಡು ಹೋದರು.